ನಾನು ಕಳಿಸದೇ ಹೋದ ಟೈರಿನ ಫೋಟೋ

ಮಾದಣ್ಣ, ನಿಮ್ಮ ಟೈರಿನ ಫೋಟೋವನ್ನು ನಾನು ಎಲ್ಲಿಗೂ ಕಳಿಸಿರಲಿಲ್ಲ. ನಿಮ್ಮ ಹೆಂಡತಿ ಗೌರಕ್ಕನ ಎಡಗೈ ಹಾಗಾಗಿದ್ದು ನೀವು ಜೋರಾಗಿ ಓಡಿಸಿದ್ದಕ್ಕಲ್ಲ — ನನ್ನಿಂದ. ಮೂರು ವರ್ಷವಾಯಿತು, ಇದನ್ನು ನಿಮಗೆ ಹೇಳಿಲ್ಲ.

ಹರದನಹಳ್ಳಿಯಿಂದ ನೀವು ಚಾಮರಾಜನಗರದ ನಮ್ಮ ಟೈರ್ ಅಂಗಡಿಗೆ ಬಂದು ವ್ಯಾನಿಗೆ ನಾಲ್ಕೂ ಹೊಸ ಟೈರು ಹಾಕಿಸಿದಿರಿ. ಕೌಂಟರಿನಲ್ಲಿದ್ದ ನಾನು, ಟೈರಿಗೂ ವಿಮೆಯಂಥ ಒಂದು ಕವರ್ ಇದೆ, ಹರಿದರೆ, ಉಬ್ಬಿದರೆ ಕಂಪನಿಯವರು ಬೇರೆ ಟೈರು ಕೊಡುತ್ತಾರೆ ಎಂದೆ. ನಿಮಗೆ ಅನುಮಾನ.

"ಊರೋರ ಹೂವೆಲ್ಲ ಬಾಡಿಗೆಗೆ ಒಯ್ಯೋ ಗಾಡಿ ಕಣಮ್ಮಿ ಇದು. ನಂಗೆ ಓದಕ್ ಬರಲ್ಲ. ನೀನೇ ಏಳು, ನಿಮ್ಮಪ್ಪನ ಗಾಡಿಯಾಗಿದ್ರೆ ಆಕುಸ್ತಿದ್ಯಾ?"

"ಕಣ್ಣು ಮುಚ್ಕೊಂಡು ಆಕುಸ್ತಿದ್ದೆ ಕಣಣ್ಣ" ಅಂದೆ.

ಬಾಡಿಗೆಗೆ ಓಡುವ ಗಾಡಿಗೆ ಆ ಕವರ್ ಸಲ್ಲುವುದಿಲ್ಲ ಎಂದು ಕಾಗದದ ಹಿಂಬದಿಯಲ್ಲೇ ಅಚ್ಚಾಗಿತ್ತು. ಅದು ನನಗೆ ಬಾಯಿಪಾಠ. ಆದರೂ ಫಾರಂನಲ್ಲಿ 'ಸ್ವಂತ ಬಳಕೆ' ಎಂದು ನಾನೇ ಬರೆದೆ. ಹೆಚ್ಚು ಕವರ್ ಮಾರಿದವಳು ಎಂದು ಮಾಲೀಕರು ಎಲ್ಲರೆದುರು ಹೊಗಳಲಿ ಎಂಬ ಆಸೆ — ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ನೀವೋ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡುವಾಗ ಆ ಕಾಗದಕ್ಕೂ ಅರಿಶಿನ ಕುಂಕುಮ ಹಚ್ಚಿ, ವ್ಯಾನಿನೊಳಗಿನ ಮಾದಪ್ಪನ ಪಟದ ಹಿಂದೆ ಸಿಕ್ಕಿಸಿದಿರಿ. ಆಗಲೇ ಕಿತ್ತುಕೊಳ್ಳಬೇಕಿತ್ತು. ದೇವರ ಹಿಂದೆ ಇಟ್ಟದ್ದನ್ನು ಸುಳ್ಳು ಎನ್ನುವುದು ಹೇಗೆ... ಬಿಲ್ಲು ಬರೆದುಕೊಟ್ಟೆ.

ಎಂಟು ತಿಂಗಳಿಗೆ ಮತ್ತೆ ಬಂದಿರಿ. ಮುಂದಿನ ಎಡ ಟೈರಿನ ಪಕ್ಕದಲ್ಲಿ ನಿಂಬೆ ಗಾತ್ರದ ಉಬ್ಬು. ಹೊಸದು ಹಾಕಿಸಿಬಿಡಲಾ ಎಂದು ನೀವೇ ಕೇಳಿದಿರಿ, ಸ್ಟೆಪ್ನಿಯಾದರೂ ಹಾಕಿಕೊಳ್ಳಲಾ ಎಂದಿರಿ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾಲೀಕರು ಪಕ್ಕದಲ್ಲೇ ಕೂತಿದ್ದರು. ಕವರ್ ಇರುವಾಗ ಹೊಸದು ಯಾಕೆ ಎಂದು ಅವರು ಕೇಳಿದರೂ, ಸ್ಟೆಪ್ನಿ ಹಾಕಿ ಬಿಚ್ಚಿದ ಟೈರನ್ನು ಕಂಪನಿಗೆ ಕಳಿಸು ಎಂದರೂ ಫಾರಂನಲ್ಲಿ ನಾನು ಬರೆದ ಸುಳ್ಳು ಹೊರಗೆ ಬರುತ್ತಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದಂತೆ ಮಾಡಿ — ಇಲ್ಲ, ತೆಗೆದೆ, ನಿಜವಾಗಿಯೂ ತೆಗೆದೆ.

"ಬಿಚ್ಬ್ಯಾಡಿ ಅಣ್ಣ, ಬಿಚ್ಚುದ್ರೆ ಕವರ್ ಓಯ್ತದೆ. ಫೋಟೋ ಕಂಪ್ನಿಗ್ ಕಳ್ಸಿವ್ನಿ. ನಾಕ್ ದಿನ ಇಂಗೇ ಮೆಲ್ಲುಗ್ ಓಡ್ಸಿ, ಏನೂ ಆಗಲ್ಲ."

ಮೂರನೆಯ ದಿನ, ಗುಂಡ್ಲುಪೇಟೆ ದಾಟಿ ಕೇರಳದ ದಾರಿಯ ಮದ್ದೂರಿನ ಕಡೆಗೆ ಚೆಂಡುಹೂವಿನ ಮೂಟೆ ಹೇರಿಕೊಂಡು ಹೋಗುವಾಗ ಆ ಟೈರೇ ಸಿಡಿಯಿತು. ವ್ಯಾನು ಎಡಕ್ಕೆ ಮಗುಚಿತು. ಎಡಗಡೆ ಕೂತಿದ್ದವರು ಗೌರಕ್ಕ.

ಆಸ್ಪತ್ರೆಗೆ ಬಂದೆ, ಹೇಳಿಬಿಡಬೇಕು ಎಂದೇ ಬಂದೆ. ನೀವು ನನಗಿಂತ ಮೊದಲು ಮಾತಾಡಿದಿರಿ. "ನೀನು ಮೆಲ್ಲುಗ್ ಓಡ್ಸು ಅಂದಿದ್ದೆ ಕಣಮ್ಮಿ. ನಾನೇ ಜೋರಾಗ್ ಓಡ್ಸ್ಬುಟ್ಟೆ." ನಾನು ಹೌದೆಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಕ್ಷಮೆ ಕೇಳುವ ಮುಖವೂ ನನಗಿಲ್ಲ.

ಗೌರಕ್ಕನ ಎಡಗೈ ಬೆರಳುಗಳು ಈಗಲೂ ಮಡಚುವುದಿಲ್ಲ. ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಒಂದೇ ಕೈಯಲ್ಲಿ ಹೂ ಕಟ್ಟುತ್ತಾರೆ. ಮೊನ್ನೆ ಅಂಗಡಿ ಮುಂದೆ ಸಿಕ್ಕಾಗ ನನಗೊಂದು ಮೊಳ ಕೊಟ್ಟರು. ಮುಡಿಯಲಾಗಲಿಲ್ಲ, ಮೇಜಿನ ಮೇಲೆ ಹಾಗೇ ಬಾಡಿತು.

ಇವತ್ತು ನಿಮ್ಮ ಫೋನು. ಬೇರೆ ವ್ಯಾನು ತಗೊಂಡಿದ್ದೀರಂತೆ. "ನಾಳೆ ಬತ್ತೀವಿ ಕಣಮ್ಮಿ. ಈ ಸಲ ಕವರ್ ಆಕುಸ್ಬೇಕಾ ಬ್ಯಾಡ್ವಾ, ನೀನೇಳ್ದಂಗೆ."

ಬೇಡ ಅಣ್ಣ. ನಿಮ್ಮ ಗಾಡಿಗೆ ಅದು ಅಂದೂ ಸಲ್ಲುತ್ತಿರಲಿಲ್ಲ, ಈಗಲೂ ಸಲ್ಲುವುದಿಲ್ಲ. ಯಾಕೆ ಎಂದು ಕೇಳುತ್ತೀರಿ. ಅದಕ್ಕೇ ಈ ಕಾಗದ ಬರೆದಿದ್ದು. ಬರೆದದ್ದರಿಂದ ಅಕ್ಕನ ಬೆರಳು ಮಡಚುವುದಿಲ್ಲ, ನನ್ನ ಕೈಯಲ್ಲಿ ಇನ್ನೇನೂ ಆಗುವುದೂ ಇಲ್ಲ. ನಿಮಗೆ ಓದಲು ಬರುವುದಿಲ್ಲ. ನಾನೇ ಓದಿ ಹೇಳಬೇಕು — ಗೌರಕ್ಕನ ಎದುರಿಗೆ, ಅವರ ಕೈ ನೋಡಿಕೊಂಡು.