ಗಡಿಯಾರದ ಮಾಸ್ತರು ಬರೆದ ಸೊನ್ನೆ

ಗಡಿಯಾರದ ಮಾಸ್ತರು ಎಂದರೆ ಊರಿನ ಓಟಗಾರರೆಲ್ಲ ಬಲ್ಲರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಆಟ ಕಲಿಸಿ, ಓಟದ ಸ್ಪರ್ಧೆಗಳಲ್ಲಿ ಸ್ಟಾಪ್‌ವಾಚು ಹಿಡಿದು ನಿಂತವರು. ಅಂದಾಜು ಎಂಬ ಮಾತು ಅವರಿಗೆ ಆಗಿಬರುತ್ತಿರಲಿಲ್ಲ. ಮನೆಯಲ್ಲಿ ಮೊಟ್ಟೆ ಬೇಯಿಸಿದರೂ ಗುಂಡಿ ಒತ್ತಿಯೇ ಬೇಯಿಸಬೇಕು. "ಮೊಟ್ಟೆಗೂ ಪದಕ ಕೊಡ್ತೀರೇನ್ರೀ?" ಎಂದು ಹೆಂಡತಿ ಕೇಳಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇಂಥವರ ಮನೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ನೃತ್ಯದ ಟೀಚರಾದಳು. ಹಟದಲ್ಲಿ ಅಪ್ಪನಿಗೆ ತಕ್ಕ ಮಗಳು. ತನ್ನ ಬಳಿ ಕುಣಿತ ಕಲಿಯುವ ಮಕ್ಕಳನ್ನು ಯಾವ ಸ್ಪರ್ಧೆಗೂ ಕಳಿಸುವವಳಲ್ಲ. ನೃತ್ಯವನ್ನೂ ಕ್ರೀಡೆಗಳ ಪಟ್ಟಿಗೆ ಸೇರಿಸಿದ ವರ್ಷವಂತೂ ಊಟಕ್ಕೆ ಕೂತಾಗಲೆಲ್ಲ ಜಟಾಪಟಿ.

"ಓಡೋರೂ ಬೆವರ್ತಾರೆ, ನೀವೂ ಬೆವರ್ತೀರಿ. ಯಾರು ಗೆದ್ರು ಅಂತ ಹೇಳೋಕೇನು ಕಷ್ಟ?"

"ಅಪ್ಪಾ, ಓಡೋರು ಎಲ್ಲಿಗೋ ಹೋಗಿ ಮುಟ್ಬೇಕು. ನಾವು ಎಲ್ಲಿಗೂ ಹೋಗ್ತಿಲ್ವಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

"ನೆಲ ಅಳೆಯೋರಿಗೆ ಕುಣಿತ ಕಾಣ್ಸಲ್ಲ ಬಿಡಪ್ಪ," ಎಂದು ಮಗಳು ತಟ್ಟೆ ಎತ್ತಿಕೊಂಡು ಎದ್ದಳು.

ಆ ವರ್ಷದ ನೃತ್ಯ ಸ್ಪರ್ಧೆಗೆ ಸಮಯ ಹಿಡಿಯಲು ಮಾಸ್ತರಿಗೇ ಕರೆ ಬಂತು. ಹಿಗ್ಗಿ ಹೀರೇಕಾಯಿಯಾಗಿ ಹೋದರು. ಮರದ ನೆಲಕ್ಕೆ ಬಿಳಿ ಪಟ್ಟಿ ಅಂಟಿಸಿದ್ದರು, ಕುಣಿಯುವವರ ಬೆನ್ನಿಗೆ ನಂಬರು. ಮೊದಲ ಚಲನೆಯಿಂದ ಕೊನೆಯ ಚಲನೆಯವರೆಗೆ ನಾಲ್ಕು ನಿಮಿಷ. ಮೀರಿದರೆ ಅಂಕ ಕಡಿತ. ಮೊದಲು ಬಂದವರಿಗೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು.

ಹದಿನೇಳನೆಯ ನಂಬರಿನ ಹುಡುಗಿ ಆ ಸೀಟನ್ನೇ ನೆಚ್ಚಿಕೊಂಡು ಬಂದಿದ್ದಳು. ಅವಳ ತಾಯಿ ಆಸ್ಪತ್ರೆಯಲ್ಲಿ ನೆಲ ಒರೆಸುವವಳು, ಕೆಲಸದ ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. "ಇದೊಂದು ಆದ್ರೆ ನನ್ನ ಮಗಳು ಓದ್ತಾಳೆ ಸರ್," ಎಂದು ಬಾಗಿಲಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಸಂಗೀತ ಹಾಕಿದರು. ಹುಡುಗಿ ಅಲುಗಲಿಲ್ಲ. ಮಾಸ್ತರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಅವಳ ಪಾದವನ್ನೇ ನೋಡುತ್ತಿದ್ದರು. ಪಾದ ಕದಲಲಿಲ್ಲ. ಉಸಿರೆಳೆದಳೋ, ಕಣ್ಣೆತ್ತಿದಳೋ, ಬೆರಳು ಬಿಡಿಸಿದಳೋ, ಯಾವುದು ಮೊದಲು ಎಂದು ತಿಳಿಯುವುದರೊಳಗೆ ಅವಳು ಕುಣಿಯುತ್ತಿದ್ದಳು. ಮಾಸ್ತರು ಮೈಮರೆತು ನೋಡಿದರು. ಚಪ್ಪಾಳೆ ಕೇಳಿದ ಮೇಲೆಯೇ ಕೈಯತ್ತ ಕಣ್ಣು ಹೋದದ್ದು. ವಾಚಿನಲ್ಲಿ ಬರೀ ಸೊನ್ನೆ.

ಮೂರೂ ಮುಕ್ಕಾಲು ನಿಮಿಷ ಎಂದು ಗೀಚಿದ್ದರೆ ಕೇಳುವವರಿರಲಿಲ್ಲ. ಆದರೆ ನಾಲ್ಕು ಮೀರಿದ್ದರೆ? ಉಳಿದ ಮಕ್ಕಳಿಗೆ ಮೋಸವಲ್ಲವೇ? ಮಾಸ್ತರು ಎದ್ದು ನಿಂತರು.

"ನಾನು ಗುಂಡಿ ಒತ್ತಲಿಲ್ಲ. ತಪ್ಪು ನನ್ನದು."

ಸಮಯ ದಾಖಲಾಗದ ಕುಣಿತ ಲೆಕ್ಕಕ್ಕಿಲ್ಲ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕುಣಿಯಲಿ ಎಂದರು ತೀರ್ಪುಗಾರರು. ಹಾಳೆಯಲ್ಲಿ ಮೊದಲ ಕುಣಿತದ ಎದುರು ಸೊನ್ನೆ ಬರೆಯಬೇಕು. ಮಾಸ್ತರು ಬರೆದರು.

ಎರಡನೆಯ ಸಲ ಹುಡುಗಿ, ಸಂಗೀತ ಶುರುವಾಗುತ್ತಲೇ, ಮಾಸ್ತರ ಕಡೆ ನೋಡಿ ಬಲಗಾಲನ್ನು ಧಪ್ಪನೆ ನೆಲಕ್ಕೆ ಅಪ್ಪಳಿಸಿದಳು. ಮುಗಿಸುವಾಗ ಮತ್ತೊಮ್ಮೆ. ನಡುವೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ತುಟಿ ಮಾತ್ರ ಉದ್ದಕ್ಕೂ ಎಣಿಸುತ್ತಿತ್ತು. ಮೂರು ನಿಮಿಷ ಐವತ್ತೆಂಟು ಸೆಕೆಂಡು. ಮೊದಲ ಸ್ಥಾನ ಅವಳಿಗೇ ಬಂತು.

ತಾಯಿ ಅಳುತ್ತ ಮಾಸ್ತರ ಕೈ ಹಿಡಿದುಕೊಂಡಳು. ಹುಡುಗಿ ಏದುಸಿರು ಬಿಡುತ್ತ ಕೇಳಿದಳು: "ಈ ಸಲ ಶುರು ಮಾಡಿದ್ದು ಸರಿಯಾಗಿ ಕಾಣಿಸ್ತಾ ಸರ್?"

"ಕಾಣಿಸ್ತಮ್ಮ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಮಾಸ್ತರಿಗೆ ಇಷ್ಟು ನೋಯುತ್ತಿರಲಿಲ್ಲ.

ಮನೆಯಲ್ಲಿ ಮಗಳು ತಟ್ಟೆ ಇಡುತ್ತ ಕೆಣಕಿದಳು: "ಏನಪ್ಪಾ, ಕುಣಿತ ಆಟ ಆಯ್ತಾ?"

"ಆಯ್ತು. ಪಾಪ, ಒಂದು ಹುಡುಗಿಗೆ ಕಾಲೇಜು ಸೀಟು ಸಿಕ್ತು. ಆಟ ಅಲ್ದೇ ಹೋಗಿದ್ರೆ ಸಿಗ್ತಿರ್ಲಿಲ್ಲ."

"ಅದು ನಿಜ," ಎಂದಳು ಮಗಳು. ಅಪ್ಪನೆದುರು ಅವಳು ಹಾಗೆ ಒಪ್ಪಿಕೊಂಡದ್ದು ಅಪರೂಪ.

ಗೆದ್ದವರ ಖುಷಿ ಮಾಸ್ತರ ಮುಖದಲ್ಲಿರಲಿಲ್ಲ. ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು.

"ಅವಳು ಮೊದಲನೇ ಸಲ ಕುಣಿದ್ಲಲ್ಲ, ಅಂಥದ್ದನ್ನ ನಾನು ಹುಟ್ಟಿದಾಗಿಂದ ನೋಡಿರ್ಲಿಲ್ಲ ಕಣೇ. ಅದಕ್ಕೆ ನನ್ನ ಕೈಯಾರೆ ಸೊನ್ನೆ ಬರೆದು ಬಂದೆ."