ಹನ್ನೊಂದು ದಿನದ ಹಾಜರಿ

ಶ್ರೀಪಾದ ಮಾಸ್ತರರ ಹೆಸರು ಕಸ್ತೂರೆವ್ವನ ಕಿವಿಗೆ ಮೊದಲ ಸಲ ಬಿದ್ದದ್ದು ಬಸರೀಕಟ್ಟಿಯ ಸರಕಾರಿ ಹೈಸ್ಕೂಲಿನ ಅಡಿಗೆ ಕೋಣೆಯಲ್ಲಿ, ಆಕೆ ತೊಗರಿಬೇಳೆಯಲ್ಲಿ ಹರಳು ಆರಿಸುತ್ತ ಕುಳಿತಿದ್ದ ದಿನ. ಹತ್ತನೇ ಇಯತ್ತೆಯ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದ ವರ್ಷ ಅದು. ಅಲ್ಲಿಯ ತನಕ ಎಪ್ಪತ್ತು, ಎಂಬತ್ತು ಎಂದು ಹೇಳಿಕೊಳ್ಳುತ್ತಿದ್ದ ಶಾಲೆಯ ಫಲಿತಾಂಶ ದಡಲ್ಲನೆ ಮೂವತ್ತೆಂಟಕ್ಕೆ ಬಿದ್ದು, ಮೇಲಿನವರು ಶಾಲೆಗೆ ‘ಸಿ’ ದರ್ಜೆ ಬರೆದು ಕಳಿಸಿದ್ದರು. ಹಳೆಯ ಹೆಡ್‌ಮಾಸ್ತರರು ವರ್ಗ ಮಾಡಿಸಿಕೊಂಡು ಜಾಗ ಖಾಲಿ ಮಾಡಿದ್ದರು.

ಸಿಪಾಯಿ ಬುಡ್ಡೇಸಾಬ ಚಹಾದ ಲೋಟ ಹಿಡಿದು ಹೊಸ್ತಿಲ ಮೇಲೆ ಕುಕ್ಕರಿಸಿದ.

“ಖಬರ ಗೊತ್ತಾತೇನಬೇ? ಹೊಸಾ ಹೆಡ್‌ಮಾಸ್ತರ ಬರ್ತಾರಂತ, ಮುಂಡರಗಿಂದ. ಶ್ರೀಪಾದ ಸರ ಅಂತ.”

“ಯಾರರೆ ಬರ್ಲಿ ಬಿಡೋ. ನನಗ ಅನ್ನ ಬೇಯಿಸೋದು ತಪ್ಪತೈತೇನು?”

“ಹಂಗಲ್ಲಬೇ. ಅವರು ಹ್ವಾದಲ್ಲೆಲ್ಲಾ ರಿಸಲ್ಟ್ ಎಪ್ಪತ್ತರ ಮ್ಯಾಲಂತ. ಹೆಂಗಂತಿ? ಉಳ್ಳಾಗಡ್ಡಿ ಮಡಿ ಒಳಗ ಸೊರಗಿದ ಸಸಿ ಕಿತ್ತು ಒಗೀತೀವಲ್ಲ, ಹಂಗ ದಡ್ಡ ಹುಡುಗರನ್ನ ಪರೀಕ್ಷಾಕ್ಕ ಕುಂಡರಸೂದಽ ಇಲ್ಲಂತ.”

ಹರಳು ಆರಿಸುತ್ತಿದ್ದ ಕೈ ಅಲ್ಲೇ ನಿಂತಿತು. ಕಸ್ತೂರೆವ್ವನ ಮೊಮ್ಮಗಳು ಶಿವರಂಜನಿ ಆ ಜೂನಿನಲ್ಲೇ ಹತ್ತನೇ ಇಯತ್ತೆಗೆ ಕಾಲಿಟ್ಟಿದ್ದಳು. ಮಗಳು, ಅಳಿಯ ಇಬ್ಬರೂ ಬೆಟಗೇರಿಯಲ್ಲಿ ಸೀರೆ ನೇಯುವವರು. ಇದ್ದೊಂದು ಕೋಣೆಯನ್ನು ಮಗ್ಗವೇ ನುಂಗಿದ್ದರಿಂದ ಹುಡುಗಿ ನಾಲ್ಕು ವರ್ಷದವಳಿದ್ದಾಗಿನಿಂದ ಅಜ್ಜಿಯ ಹತ್ತಿರವೇ ಬೆಳೆದಳು. ಕನ್ನಡ ಓದಲು ಕೊಟ್ಟರೆ ಗಿಣಿಯ ಹಾಗೆ ಓದುತ್ತಿದ್ದಳು. ಗಣಿತ ಎಂದರೆ ಮೈಯೆಲ್ಲ ಬೆವರುತ್ತಿತ್ತು. ಗಂಡ ಸತ್ತು ಇಪ್ಪತ್ತೆರಡು ವರ್ಷ ಒಲೆಯ ಮುಂದೆ ಕಳೆದ ಕಸ್ತೂರೆವ್ವನಿಗೆ ಒಂದೇ ಆಸೆ ಉಳಿದಿತ್ತು: ಈ ಹುಡುಗಿ ಹತ್ತನೇದು ದಾಟಬೇಕು. ಸೊರಗಿದ ಸಸಿ ಎಂದರೆ ಯಾರು ಎಂಬುದು ಆಕೆಗೆ ಕೇಳದೆಯೇ ತಿಳಿದುಹೋಯಿತು.

ಮಾಸ್ತರರು ಬಂದರು. ಸಣಕಲು ಮೈ, ಕಂಕುಳಲ್ಲಿ ಛತ್ರಿ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಶಿರಹಟ್ಟಿಯ ಕಡೆಯ ಪೂಜಾರಿಕೆಯ ಮನೆತನ. ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವರು. ನಿವೃತ್ತಿಗೆ ಎರಡು ವರ್ಷ ಬಾಕಿ. ಮಕ್ಕಳಿಗೆ ಬಡಿಸುವ ಮೊದಲು ಶಾಲೆಯವರೊಬ್ಬರು ಊಟದ ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕೆಂಬುದು ನಿಯಮ. ಹಳೆಯವರು ರುಚಿ ನೋಡದೆಯೇ ವಾರದ ಸಹಿಯನ್ನು ಶನಿವಾರ ಒಮ್ಮೆಲೇ ಗೀಚುತ್ತಿದ್ದರು. ಇವರು ಹಾಗಲ್ಲ. ದಿನವೂ ಒಂದೂವರೆಗೆ ಬಂದು ಅಂಗೈ ಮೇಲೆ ಹಾಕಿಸಿಕೊಂಡು, ನಿಂತೇ ತಿಂದು, “ಉಪ್ಪು ಬರೋಬರಿ ಅದ” ಎಂದು ಸಹಿ ಹಾಕಿ, ಆ ದಿನ ವಿಶೇಷವೇನಾದರೂ ನಡೆದಿದ್ದರೆ ಪಕ್ಕದಲ್ಲಿ ಎರಡು ಮಾತು ಬರೆದು ಹೋಗುತ್ತಿದ್ದರು. ಉಪ್ಪು ಹೆಚ್ಚಾದ ದಿನವೂ ಅದೇ ಮಾತು.

ಮೊದಲ ತಿಂಗಳಲ್ಲೇ ಅವರು ಬೆಳಗಿನ ಕೂಗು ಶುರು ಮಾಡಿದರು. ಹತ್ತನೆಯವರೆಲ್ಲ ಐದಕ್ಕೆ ಎದ್ದು ಓದಬೇಕು. ಅವರ ಮನೆ ಇನ್ನೂ ಮುಂಡರಗಿಯಲ್ಲೇ ಇತ್ತು; ಫೋನಿದ್ದ ಮನೆಗಳಿಗೆ ಅಲ್ಲಿಂದಲೇ ಅವರದೇ ಕರೆ. ಫೋನಿಲ್ಲದ ಹನ್ನೊಂದು ಮನೆಗಳ ಬಾಗಿಲು ಬಡಿಯುವ ಕೆಲಸ ಕಸ್ತೂರೆವ್ವನಿಗೆ ಬಂತು, ಹೇಗೂ ಆಕೆ ಏಳುವುದು ನಾಲ್ಕಕ್ಕೆ ಎಂದು. ಆಕೆ ಒಪ್ಪಿದ್ದು ಭಯಕ್ಕೆ. ಈ ಮನುಷ್ಯನ ಕಣ್ಣಲ್ಲಿ ಒಳ್ಳೆಯವಳಾಗಿದ್ದರೆ ಶಿವರಂಜನಿಯನ್ನು ಕಿತ್ತು ಒಗೆಯಲಾರರು ಎಂದು.

ದಸರೆಯ ಹೊತ್ತಿಗೆ ಆಫೀಸಿನ ಗೋಡೆಗೆ ಒಂದು ಹಾಳೆ ಬಿತ್ತು. ಮೂವತ್ತೇಳು ಹೆಸರು: ದಾಟುವವರು ಹಸಿರು, ತೂಗಾಡುವವರು ಹಳದಿ, ಬೀಳುವವರು ಕೆಂಪು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ಕಸ್ತೂರೆವ್ವ ಕಸ ಹೊಡೆಯುವ ನೆಪದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಶಿವರಂಜನಿಯ ಹೆಸರು ಕೆಂಪಿನಲ್ಲಿತ್ತು.

ದೀಪಾವಳಿಯಾದ ಮೇಲೆ ಆಕೆಯ ಮೊಣಕಾಲು ಬಾತುಕೊಂಡಿತು. ಜೊತೆ ಅಡಿಗೆಯ ಖಾತುನಬಿ ಮಗಳ ಬಾಣಂತನಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ನೂರಾ ನಲವತ್ತು ಮಕ್ಕಳ ಅಡಿಗೆ ಒಬ್ಬಳಿಂದ ಆಗದು. ಶಿವರಂಜನಿಯೇ ಹನ್ನೊಂದು ಬಾಗಿಲು ಬಡಿದು ಬಂದು, ಶಾಲೆಯಲ್ಲಿ ನೀರು ಹೊತ್ತು, ಕಾಯಿಪಲ್ಲೆ ಹೆಚ್ಚಿ, ಸಾರು ಕುದಿ ಹತ್ತಿದ ಮೇಲೆ ಕ್ಲಾಸಿಗೆ ಓಡುತ್ತಿದ್ದಳು. ಮಧ್ಯಾಹ್ನ ಬಡಿಸಲು ಮತ್ತೆ ಬರುತ್ತಿದ್ದಳು. ಕಸ್ತೂರೆವ್ವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹುಡುಗಿ ಶಾಲೆಯ ಅಂಗಳದಲ್ಲೇ ಇದ್ದಾಳಲ್ಲ, ಶಾಲೆಗೆ ಬಂದಂತೆಯೇ ಅಲ್ಲವೆ? ಆದರೆ ಹಾಜರಿ ಕರೆಯುವುದು ಮೊದಲ ಅವಧಿಯಲ್ಲಿ, ಒಮ್ಮೆ ಮಾತ್ರ. ಕ್ಲಾಸಿನ ಮಾಸ್ತರ ಧೀರೇಂದ್ರ ಆಗ ಕಾಣದವರಿಗೆಲ್ಲ ದಿನಪೂರ್ತಿ ಗೈರು ಎಳೆಯುತ್ತಿದ್ದ.

ಜನವರಿಯಲ್ಲಿ ಗದಗಿನಿಂದ ಸಾಹೇಬರೊಬ್ಬರು ಬಂದರು. ಆಫೀಸಿಗೆ ಚಹಾ ಒಯ್ದ ಕಸ್ತೂರೆವ್ವ ಬಾಗಿಲಲ್ಲೇ ನಿಂತಳು.

“ಅರವತ್ತು ಮುಟ್ಟಬೇಕ್ರಿ ಈ ಸಲ,” ಸಾಹೇಬರು ಹೇಳುತ್ತಿದ್ದರು. “ಕಡಿಮಿ ಆದ್ರ ನೋಟೀಸು, ವೇತನ ಬಡ್ತಿ ಬಂದ್. ಹಾಜರಿ ಕಮ್ಮಿ ಇದ್ದವರು ಎಷ್ಟ ಮಂದಿ ಅದಾರ?”

“ಇಬ್ಬರು ಸರ,” ಎಂದ ಧೀರೇಂದ್ರ. “ಮೌನೇಶ, ಶಿವರಂಜನಿ. ಆ ಹುಡುಗಿಗೆ ಹನ್ನೊಂದು ದಿನ ಕಮ್ಮಿ. ಇಬ್ಬರೂ ಕೆಂಪು ಪಟ್ಟಿಯವರು.”

“ಮತ್ತ ಛಲೋನಽ ಆತಲ್ಲ. ನಿಯಮ ಇದ್ದಂಗ ಇಬ್ಬರನ್ನೂ ಪರೀಕ್ಷಾಕ್ಕ ಕುಂಡರಸಬ್ಯಾಡ್ರಿ.”

ಕಸ್ತೂರೆವ್ವ ಚಹಾದ ಬಸಿಗಳನ್ನು ಮೇಜಿನ ಮೇಲಿಟ್ಟು ಹೊರಬಂದಳು.

ಮರುದಿನ ಒಂದೂವರೆಗೆ ಮಾಸ್ತರರು ಬಂದು ಅಂಗೈ ಚಾಚಿದರು. ಆಕೆ ಸೌಟು ಎತ್ತಲಿಲ್ಲ.

“ನನ್ನ ಮೊಮ್ಮಗಳನ್ನ ಕಿತ್ತಿರೇನ್ರಿ, ಸರ?”

“ಹಾಜರಿ ಹಂಗ ಹೇಳ್ತದ, ಕಸ್ತೂರೆವ್ವ.”

“ಆಕಿ ದಿನಾ ಇಲ್ಲೇ ಇದ್ಲಲ್ರಿ! ನಿಮ್ಮ ಅಂಗೈ ಮ್ಯಾಲ ಅನ್ನ ಹಾಕಿದಾಕಿ ಯಾರು? ನಾನು ಕಾಲು ಚಾಚಿ ಕುಂತಿದ್ದೆ. ಆಕಿನಽ ಅಲ್ಲೇನು?”

ಮಾಸ್ತರರ ಕೈ ಹಾಗೇ ಚಾಚಿಕೊಂಡಿತ್ತು. ಲವಂಗ ಅಗಿಯುವುದು ನಿಂತಿತು. “ಯಾವ್ಯಾವ ದಿನ, ಹೇಳ್ಲಿಕ್ಕೆ ಬರ್ತದೇನು?” ಎಂದರು.

“ತಾರೀಖು ಗೊತ್ತಿಲ್ರಿ. ದಿನ ಗೊತ್ತೈತಿ.”

ಸಂಜೆ ಶಾಲೆ ಬಿಟ್ಟ ಮೇಲೆ ಆಫೀಸಿನಲ್ಲಿ ಕುಳಿತರು. ಮಾಸ್ತರರ ಮುಂದೆ ಊಟದ ವಹಿ, ಧೀರೇಂದ್ರನ ಮುಂದೆ ಹಾಜರಿ ಪುಸ್ತಕ, ನೆಲದ ಮೇಲೆ ಕಾಲು ಚಾಚಿದ ಕಸ್ತೂರೆವ್ವ.

“ದೀಪಾವಳಿ ಸೂಟಿ ಮುಗದ ಮರುದಿನ. ಗ್ಯಾಸ್ ತೀರಿತ್ತು, ಕಟಗಿ ಒಲಿ ಹಚ್ಚಿದ್ವಿ. ಅನ್ನಕ್ಕ ಹೊಗಿ ವಾಸನಿ ಬಂದಿತ್ತು.”

ಮಾಸ್ತರರು ಪುಟ ತಿರುವಿದರು. ‘ಕಟ್ಟಿಗೆ ಒಲೆ’ ಎಂದು ಅವರದೇ ಅಕ್ಷರ.

“ಒಂದು,” ಎಂದರು.

“ಜಂತಿನ ಗುಳಿಗಿ ಕೊಟ್ಟ ದಿನ. ಏಳು ಹುಡುಗರು ಉಣಲಿಲ್ಲ.”

“ಎರಡು.”

ತತ್ತಿಯ ಟ್ರೇ ಬಿದ್ದು ಒಡೆದ ದಿನ. ಅಡರಕಟ್ಟಿಯ ರೈತರು ಬದನೆಕಾಯಿ ಬುಟ್ಟಿ ಕೊಟ್ಟುಹೋದ ದಿನ. ಹೇಳುತ್ತ ಹೋದಳು; ಪ್ರತಿಯೊಂದೂ ವಹಿಯಲ್ಲಿ ಸಿಕ್ಕಿತು. ಹತ್ತಕ್ಕೆ ಬಂದು ನಿಂತಳು. ಇನ್ನೂ ದಿನಗಳು ನೆನಪಿದ್ದವು, ಆದರೆ ವಹಿಯಲ್ಲಿ ಬರೇ ಸಹಿ. ಗುರುತಿಗೆ ಏನೂ ಇರಲಿಲ್ಲ. ಗುರುತಿಲ್ಲದ್ದನ್ನು ಮಾಸ್ತರರು ಒಪ್ಪಲಿಲ್ಲ.

“ಇನ್ನೊಂದು ಬೇಕು, ಕಸ್ತೂರೆವ್ವ.”

ಆಕೆ ಕಣ್ಣು ಮುಚ್ಚಿದಳು. ಹೊರಗೆ ಬುಡ್ಡೇಸಾಬ ಬೀಗದ ಕೈಗಳ ಗೊಂಚಲು ಆಡಿಸುತ್ತಿದ್ದ.

“ನೀವು ಗದಗಿಗೆ ಮೀಟಿಂಗಿಗೆ ಹೋಗಿದ್ರಿ. ಅವತ್ತು ರುಚಿ ನೋಡಿದವರು ಈ ಧೀರೇಂದ್ರ ಸರ. ಬಿಸಿ ಅನ್ನೋದು ನೋಡಲಿಲ್ಲ, ನಾಲಿಗಿ ಸುಟ್ಟುಕೊಂಡ್ರು. ಶಿವರಂಜನಿ ಓಡಿಹೋಗಿ ನೀರು ತಂದು ಕೊಟ್ಲು.”

ಮಾಸ್ತರರು ಪುಟ ಹುಡುಕಿದರು. ಧೀರೇಂದ್ರನ ಸಹಿ ಇದ್ದದ್ದು ಅದೊಂದೇ ದಿನ. ಅದೇ ತಾರೀಖಿಗೆ ಹಾಜರಿ ಪುಸ್ತಕದಲ್ಲಿ ಶಿವರಂಜನಿಯ ಹೆಸರಿನ ಮುಂದೆ ಗೈರು, ಅದೂ ಧೀರೇಂದ್ರನ ಕೈಯದೇ. ಆತ ತಲೆ ತಗ್ಗಿಸಿದ.

“ಹೌದು ಸರ. ನೀರು ಆಕಿನಽ ಕೊಟ್ಟಿದ್ಲು.”

“ಹನ್ನೊಂದು,” ಎಂದ ಮಾಸ್ತರರು ಪೆನ್ನು ಕೆಳಗಿಡಲಿಲ್ಲ. “ಮತ್ತ ಮೌನೇಶ? ಅವನೂ ಊಟಕ್ಕ ಬಂದಿದ್ನೇನು?”

ಮೌನೇಶ ಓಣಿಯ ಅಂದಪ್ಪನ ಮಗ. ದಿನವೂ ಬಾಗಿಲು ಬಡಿದು ಎಬ್ಬಿಸಿದ ಹುಡುಗ. ಆ ದಿನಗಳಲ್ಲಿ ಅವನು ಲಕ್ಷ್ಮೇಶ್ವರದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಬಂದಿದ್ದ ಎಂದುಬಿಡುವುದು ಒಂದೇ ಮಾತು. ಆದರೆ ಒಂದು ಸುಳ್ಳು ಸೇರಿದರೆ ಹನ್ನೊಂದು ಖರೆಯೂ ಕೆಡುತ್ತವೆ.

“ನಾಕು ದಿನ ಬಂದಿದ್ದ್ರಿ. ಅಷ್ಟಽ.”

“ಸರ,” ಧೀರೇಂದ್ರ ಮೆಲ್ಲಗೆ ಅಂದ, “ತಿದ್ದಿದ್ರ ಕಾರಣ ಬರೀಬೇಕಾಗ್ತದ. ಹುಡುಗಿ ಅಡಿಗಿ ಕೆಲಸಕ್ಕಿದ್ಲು ಅಂತ ಬರದ್ರ ನಿಮ್ಮ ಕುತ್ತಿಗಿಗೇ ಬರ್ತದ. ಮ್ಯಾಲೆ ಆಕಿ ಪಾಸಾಗೋದೂ ಅಷ್ಟಕ್ಕಷ್ಟಽ.”

ಮಾಸ್ತರರು ಕಿಡಕಿಯ ಕಡೆ ನೋಡಿದರು.

“ಮುಂಡರಗಿ ಕಡೆ ಸಾಲಿಯೊಳಗ ನಾಲ್ಕು ಮಂದೀನ್ನ ಪರೀಕ್ಷಾಕ್ಕ ಕುಂಡರಸದ ಬಿಟ್ಟಿದ್ದೆ, ಧೀರೇಂದ್ರ. ಎಪ್ಪತ್ತೆರಡು ಬಂತು, ಶಾಲು ಹೊದಿಸಿದ್ರು. ಆ ನಾಲ್ವರೊಳಗ ಒಬ್ಬಾಕಿ ಈಗ ಬಸ್‌ಸ್ಟ್ಯಾಂಡ್ ಮುಂದ ಸೊಪ್ಪು ಮಾರ್ತಾಳ. ಆಕಿ ಕಣ್ಣಿಗೆ ಬೀಳಬಾರದಂತ ನಾ ದಿನಾ ಒಂದು ಸ್ಟಾಪ್ ಮೊದಲೇ ಇಳೀತೇನಿ.”

ಕೆಂಪು ಶಾಯಿಯಲ್ಲಿ ಹನ್ನೊಂದು ಗೈರುಗಳನ್ನು ತಿದ್ದಿ, ಪ್ರತಿಯೊಂದರ ಪಕ್ಕ ಚಿಕ್ಕ ಸಹಿ ಹಾಕಿದರು. ಕಾರಣದ ಜಾಗದಲ್ಲಿ ಬರೆದರು: ‘ವಿದ್ಯಾರ್ಥಿನಿ ಶಾಲೆಯ ಅಡಿಗೆ ಕೋಣೆಯಲ್ಲಿದ್ದಳು. ಇದು ಮುಖ್ಯಾಧ್ಯಾಪಕನ ಲೋಪ.’

ಮರುದಿನ ಅಂದಪ್ಪ ಶಾಲೆಯ ಗೇಟಿನಲ್ಲಿ ಆಕೆಯನ್ನು ತಡೆದ.

“ಮೊಮ್ಮಗಳಿಗೆ ಹನ್ನೊಂದು, ನನ್ನ ಮಗಗ ನಾಕು. ಭಾರಿ ನೆನಪಬೇ ನಿಂದು!”

“ನಿನ್ನ ಮಗ ಎಲ್ಲಿದ್ದ ಅನ್ನೋದು ನಿನಗ ಗೊತ್ತಿಲ್ಲೇನು, ಅಂದಪ್ಪ?”

“ಗೊತ್ತೈತಿ. ನಿನ್ನ ಬಾಯಿಂದ ಯಾಕ ಬರಬೇಕಿತ್ತು?”

ಅಂದಿನಿಂದ ಆ ಬಾಗಿಲನ್ನು ಬಿಟ್ಟು ಉಳಿದ ಹತ್ತು ಬಡಿದಳು.

ಪರೀಕ್ಷೆಯ ತನಕ ಮಾಸ್ತರರು ಶಿವರಂಜನಿಯನ್ನು ದಿನವೂ ಸಂಜೆ ಕೂರಿಸಿಕೊಂಡರು. “ತಂಗೀ, ಮತ್ತೊಮ್ಮೆ ಮಾಡು” ಎಂಬ ಅವರ ದನಿ ಪಾತ್ರೆ ತಿಕ್ಕುವ ಕಸ್ತೂರೆವ್ವನಿಗೆ ಕೇಳುತ್ತಿತ್ತು. ದನಿ ಏರಿದ್ದನ್ನು ಆಕೆ ಒಮ್ಮೆಯೂ ಕೇಳಲಿಲ್ಲ.

ಮೇ ತಿಂಗಳ ಮೊದಲಿಗೆ ಫಲಿತಾಂಶ ಬಂತು. ಬುಡ್ಡೇಸಾಬನ ಫೋನಿನ ಸುತ್ತ ಎಲ್ಲರೂ ಮುಗಿಬಿದ್ದಿದ್ದರು. ಮೌನೇಶನನ್ನು ಬಿಟ್ಟು ಮೂವತ್ತಾರು ಮಕ್ಕಳು ಬರೆದಿದ್ದರು, ಪಾಸಾದವರು ಇಪ್ಪತ್ತೊಂದು. ಶಿವರಂಜನಿ ಎಲ್ಲದರಲ್ಲೂ ದಾಟಿ, ಗಣಿತದಲ್ಲಿ ಆರು ಅಂಕ ಕಮ್ಮಿ ಬಿದ್ದು ನಪಾಸಾಗಿದ್ದಳು. ಅಜ್ಜಿಯ ಸೆರಗಿನಲ್ಲಿ ಮುಖ ಹುಗಿಸಿ ಅತ್ತಳು. ಮಾಸ್ತರರು ಬೆನ್ನ ಮೇಲೆ ಕೈಯಿಟ್ಟು, “ಇನ್ನೂ ಎರಡನೇ ಪರೀಕ್ಷಾ ಅದಲ್ಲ, ತಂಗೀ. ಬರೇ ಆರು” ಎಂದರು.

ಎರಡನೇ ಪರೀಕ್ಷೆ ಮಕ್ಕಳಿಗಿತ್ತು, ಶಾಲೆಯ ದರ್ಜೆಗಲ್ಲ. ಫಲಿತಾಂಶ ನೂರಕ್ಕೆ ಐವತ್ತೆಂಟು. ನೋಟೀಸು ಬಂತು, ಬಡ್ತಿ ನಿಂತಿತು, ತಿದ್ದಿದ ಹಾಜರಿಗೆ ಬೇರೆ ವಿವರಣೆ ಕೇಳಿದರು, ಹಿಂದೆಯೇ ಹೊಳೆಯಂಚಿನ ಒಂದು ಹಳ್ಳಿಗೆ ನಿಯೋಜನೆಯ ಆದೇಶ.

ಹೊರಡುವ ದಿನ ಕಸ್ತೂರೆವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್‌ ನಿಲ್ಲುವ ಬೇವಿನ ಗಿಡದ ಹತ್ತಿರ ಹೋದಳು. ಮಾಸ್ತರರು ಒಬ್ಬರೇ ನಿಂತಿದ್ದರು.

“ಒಂದು ಮಾತು ಕೇಳ್ತೇನ್ರಿ, ಸರ. ನನ್ನ ಹುಡುಗಿ ಕುಂಡರದಿದ್ರ ಎಷ್ಟ ಆಗ್ತಿತ್ತು?”

ಅವರು ಛತ್ರಿಯನ್ನು ಕಂಕುಳಿಂದ ಕೈಗೆ ತೆಗೆದುಕೊಂಡು ಬಸ್ಸು ಬರುವ ದಾರಿ ನೋಡಿದರು.

“ಮೂರನೇ ಇಯತ್ತೆ ಕಲತಾಕಿ ನಾನು. ಖರೆ ಹೇಳ್ರಿ.”

“ಮೂವತ್ತೈದರೊಳಗ ಇಪ್ಪತ್ತೊಂದು,” ಮಾಸ್ತರರು ನಿಧಾನವಾಗಿ ಹೇಳಿದರು. “ಬರೋಬರಿ ಅರವತ್ತು.”

ಕಸ್ತೂರೆವ್ವನ ಕಣ್ಣ ಮುಂದೆ ಬೇವಿನ ಗಿಡ ಮಸುಕಾಯಿತು. ಅಷ್ಟರಲ್ಲಿ ಬಾಳೆಹೊಸೂರಿನ ಕಡೆಯಿಂದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಮಾಸ್ತರರು ರೊಟ್ಟಿಯ ಗಂಟು ಇಸಿದುಕೊಂಡು ಪಾವಟಿಗೆಯ ಮೇಲೆ ಕಾಲಿಟ್ಟು ತಿರುಗಿದರು.

“ಕಸ್ತೂರೆವ್ವ, ಈ ಲೆಕ್ಕ ಆಕಿಗೆ ಹೇಳಬ್ಯಾಡ್ರಿ. ಇನ್ನ ಹನ್ನೆರಡು ದಿನದಾಗ ಆಕಿ ಪರೀಕ್ಷಾ ಬರೀಬೇಕು.”