ಡೊನ್ ಅನಸ್ತಾಸಿಯೊನ ಕೊಂಬಿನ ಲೋಟ

ಲೂಕೆ ಊರಿನ ಹೆದ್ದಾರಿ ಬದಿಯಲ್ಲಿ ಹಳೇ ಕಾರು ಮಾರುವ ಡೊನ್ ಅನಸ್ತಾಸಿಯೊ, ತಮ್ಮ ಗಾಡಿ ಕೊಟ್ಟು ಬೇರೆಯದನ್ನು ಒಯ್ಯಲು ಬಂದವರನ್ನು ಮಾವಿನ ಮರದಡಿ ಕೂರಿಸಿ, ಅವರು ಕೇಳುವ ಬೆಲೆ ಕೇಳಿಸಿಕೊಂಡು, ಚೀಟಿಯಲ್ಲಿ ಏನೋ ಗೀಚಿ ತಣ್ಣೀರಿನ ಫ್ಲಾಸ್ಕಿನ ಅಡಿಗಿಡುತ್ತಾನೆ. ಆಮೇಲೆ ಕೊಂಬಿನ ಲೋಟದಲ್ಲಿ ಒಣಸೊಪ್ಪಿಗೆ ಆ ತಣ್ಣೀರು ಹೊಯ್ದು, ಕೊಳವೆಯಲ್ಲಿ ಹೀರುವ ತೆರೆರೆ ಮಾಡಿ ಕೊಡುತ್ತಾನೆ. ಆ ಒಂದೇ ಲೋಟ ಇಬ್ಬರ ನಡುವೆ ತುಂಬಿ ತಿರುಗುತ್ತಿರುವಷ್ಟು ಹೊತ್ತೂ ಚೌಕಾಸಿ. "ಉಪಕಾರವಾಯ್ತು" ಎಂದು ಹಿಂದಿರುಗಿಸಿದರೆ ತೆರೆರೆ, ಚೌಕಾಸಿ ಎರಡೂ ಮುಗಿದಂತೆ. ಗಿರಾಕಿಯ ಕಾರಿನ ಬಾನೆಟ್ಟಿಗೆ ಕಿವಿಗೊಟ್ಟು ಸಾವಿನ ಮನೆಗೆ ಬಂದವನಂತೆ ಟೊಪ್ಪಿ ತೆಗೆಯುತ್ತಾನೆ, ಚಕ್ರಕ್ಕೆ ಒದ್ದು ತಾನೇ ನರಳುತ್ತಾನೆ. ಸೋಂಪು ಹಾಕಿದ ಚೀಪಾ ರೊಟ್ಟಿ ಮಾರುವ ನ್ಯಾ ಪೊರ್ಫಿರಿಯಾಳ ಮುದಿ ಕಾರಿಗೂ ಅದೇ ಮರ್ಯಾದೆ ಸಿಕ್ಕಿತು. ಚೀಪಾಕ್ಕೆ ಜನ ಮುಗಿಬೀಳುವ ಪವಿತ್ರ ವಾರದ ವ್ಯಾಪಾರಕ್ಕೆ ಅವಳಿಗೆ ಅಲ್ಲಿದ್ದ ಕೆಂಪು ವ್ಯಾನು ಬೇಕೇ ಬೇಕಿತ್ತು. "ಸೀಟೆಲ್ಲ ಸೋಂಪಿನ ವಾಸನೆ ತಾಯಿ, ಇದನ್ನ ಯಾರು ಕೊಳ್ತಾರೆ?" "ವಾಸನೆ ಇದ್ರೂ ನನ್ನದು ಓಡುತ್ತೆ. ನಿಮ್ಮ ವ್ಯಾನಿನೊಳಗೆ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿದೆ, ಡೊನ್!" ಹನ್ನೊಂದನೇ ಲೋಟಕ್ಕೆ ಅವಳ ತಾಳ್ಮೆ ಕಿತ್ತುಹೋಯಿತು. "ಉಪಕಾರವಾಯ್ತು," ಎಂದು ಎದ್ದೇಬಿಟ್ಟಳು. ಅವನ ಮುಖ ಬಾಡಿತು. ಗಡಿಬಿಡಿಯಲ್ಲಿ ಫ್ಲಾಸ್ಕು ಎತ್ತಿ ಚೀಟಿ ಚಾಚಿದ. ಅವಳು ಬಂದೊಡನೆ ತನ್ನ ಕಾರಿಗೆ ಕೇಳಿದ ಬೆಲೆಯೇ ಅದರಲ್ಲಿತ್ತು. "ಮತ್ತೆ ಇಷ್ಟೊತ್ತು ಯಾಕೆ ಗೋಳು ಹೊಯ್ಕೊಂಡ್ರಿ?" "ಬೇಗ ಒಪ್ಪಿದ್ರೆ ನೀವು ಬೇಗ ಹೋಗ್ಬಿಡ್ತಿದ್ರಿ. ಒಬ್ಬನೇ ಎಷ್ಟೂಂತ ಕುಡೀಲಿ, ತಾಯಿ?" ಅವನು ಕೊಟ್ಟ ವ್ಯಾನಿನ ಕೀಲಿಯನ್ನು ಜೇಬಿಗಿಳಿಸಿ ಅವಳು ಮತ್ತೆ ಕೂತಳು. "ಹೊಯ್ಯಿರಿ," ಎಂದಳು. "ನನ್ನ ಕಾರನ್ನ ಇನ್ನೂ ಏನೇನು ಬಯ್ಯೋದಿತ್ತೋ, ಬಯ್ದು ಮುಗಿಸಿ."